ಗಿರಣಿ ಕಾಕಾನ ನಂಬರು

ನಾನೂ ನಮ್ಮ ಗದಗ ಜಿಲ್ಲೆಯೂ ಓರಗೆಯವರು. ಧಾರವಾಡದಿಂದ ಜಿಲ್ಲೆ ಬೇರೆಯಾದ ವರ್ಷವೇ ನನ್ನನ್ನೂ ತೊಟ್ಟಿಲಿಗೆ ಹಾಕಿದರಂತೆ. ಇಬ್ಬರಲ್ಲಿ ಮುಂದೆ ಬಂದದ್ದು ಜಿಲ್ಲೆಯೇ. ನಮಗೆ ಇಪ್ಪತ್ತು ತುಂಬುವ ಹೊತ್ತಿಗೆ ಅದಕ್ಕೆ ದೊಡ್ಡ ಕಚೇರಿ, ಕಚೇರಿಗೆ ಗೇಟು, ಗೇಟಿಗೆ ಕಾವಲುಗಾರ ಎಲ್ಲ ಬಂದಿದ್ದವು. ನನಗೆ ಬಂದದ್ದು ಪಿಯುಸಿ ಪಾಸು, ಅದೂ ಎರಡನೆಯ ಸಲಕ್ಕೆ. ಆಮೇಲೆ ಬೆಟಗೇರಿಯ ಸೋದರಮಾವನ ಮನೆಯಲ್ಲಿ ಉಳಿದು ಆರು ತಿಂಗಳು ಕಂಪ್ಯೂಟರ್ ಕಲಿತೆ. ಮಾವನದು ನೇಕಾರಿಕೆ. ಅಲ್ಲಿ ಟೈಪಿಂಗ್ ಎಷ್ಟು ಕಲಿತೆನೋ ಹೇಳಲಾರೆ, ಮಗ್ಗದ ಲಾಳಿ ಅತ್ತಿಂದಿತ್ತ ಹೊಡೆದಾಡುವ ಸಪ್ಪಳವನ್ನು ನಾಲಿಗೆಯಲ್ಲಿ ತೆಗೆಯುವುದನ್ನು ಮಾತ್ರ ಪಕ್ಕಾ ಕಲಿತೆ. ಒಮ್ಮೆ ಮಾವ ಹಿತ್ತಲಲ್ಲಿದ್ದಾಗ ನಾನು ಆ ಸಪ್ಪಳ ಮಾಡಿದೆ. ಕೂಲಿಯವನು ಕೆಲಸಕ್ಕೆ ಕೂತಿದ್ದಾನೆ ಎಂದು ನಂಬಿ ಅವರು ಇನ್ನೂ ಅರ್ಧ ತಾಸು ಹಿತ್ತಲಲ್ಲೇ ಆರಾಮಾಗಿದ್ದರು. ಕೂಲಿಯವನು ಅವತ್ತು ಬಂದೇ ಇರಲಿಲ್ಲ. ಮರುವಾರ ನನ್ನನ್ನು ಊರಿಗೆ ಕಳಿಸಿದರು.

ನಮ್ಮೂರು ಮುಂಡರಗಿ ತಾಲೂಕಿನದು, ಹಿರೇವಡ್ಡಟ್ಟಿಯ ರಸ್ತೆ ಬಿಟ್ಟು ಒಳಗೆ ತಿರುಗಿದರೆ ಸಿಗುತ್ತದೆ. ಆಗತಾನೇ ಪಂಚಾಯಿತಿಯ ಪಕ್ಕದ ಕೋಣೆಯಲ್ಲಿ ಸೇವಾ ಕೇಂದ್ರ ತೆರೆದಿದ್ದರು. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಎರಡನ್ನೂ ಒಟ್ಟಿಗೆ ಹಚ್ಚಿದರೆ ನಿಂತುಬಿಡುವ ಒಂದು ಫ್ಯಾನು. ಕುರ್ಚಿಯಲ್ಲಿ ಕೂರಲು ಬೇರೆ ಯಾರೂ ಅರ್ಜಿ ಹಾಕದ ಕಾರಣ ಯೋಗ್ಯತೆಯ ಮೇಲೆ ನನ್ನನ್ನೇ ಆರಿಸಿದರು.

ಅಲ್ಲಿಯವರೆಗೆ ಒಂದು ಆದಾಯ ಪತ್ರಕ್ಕೆ ಎರಡು ಸಲ ಬಸ್ಸು ಹತ್ತಿ ಮುಂಡರಗಿಗೆ ಹೋಗಬೇಕಿತ್ತು. ಇನ್ನು ಚಪ್ಪಲಿ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಆಯಿತು. ಊರಿಗೆ ಖುಷಿಯಾಗಬೇಕಿತ್ತು. ಊರಿಗೆ ಸಂಶಯ ಬಂತು.

ಮೊದಲು ಬಂದ ಅಜ್ಜನಿಗೆ ಹತ್ತೇ ನಿಮಿಷದಲ್ಲಿ ಹೊಲದ ಪಹಣಿ ತೆಗೆದುಕೊಟ್ಟೆ. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿದ.

"ಇಷ್ಟ ಜಲ್ದಿ ಹೆಂಗ ಬಂತು?"

"ಕಂಪ್ಯೂಟರಿನ್ಯಾಗ ಇತ್ತು ಅಜ್ಜಾ."

"ಮುಂಡರಗ್ಯಾಗ ಎರಡ ದಿನ ಹಿಡೀತಿತ್ತು. ಅವ್ರೇನು ಹುಚ್ಚರನು? ಹತ್ತ ನಿಮಿಷಕ್ಕ ಬಂದದ್ದು ಖರೇದು ಇರಾಕ ಶಕ್ಯ ಇಲ್ಲ."

ಮರುದಿನ ಬಸ್ಸು ಹತ್ತಿ ಮುಂಡರಗಿಗೆ ಹೋಗಿ, ನಾನು ಕೊಟ್ಟ ಪಹಣಿಯನ್ನು ಅಲ್ಲಿ ತೋರಿಸಿ, ಖರೆ ಎಂದು ಕೇಳಿಕೊಂಡು ಬಂದ. ಹೀಗಾಗಿ ನಮ್ಮ ಕೇಂದ್ರ ಶುರುವಾದ ಮೇಲೆ ಮುಂಡರಗಿಯ ಬಸ್ಸಿಗೆ ಗಿರಾಕಿ ಕಡಿಮೆಯಾಗಲಿಲ್ಲ. ಕೆಲವರು ಕಂಪ್ಯೂಟರಿನ ಮುಂದೆ ತಮ್ಮ ಹೆಸರು ಹೇಳಲು ಒಪ್ಪುತ್ತಿರಲಿಲ್ಲ. ಅದರ ಮೇಲಿದ್ದ ಪುಟ್ಟ ಕ್ಯಾಮೆರಾಕ್ಕೆ ಸೆರಗು ಹೊದಿಸಿ, ನನ್ನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದರು. ನಾನು ಅದನ್ನೇ ಟೈಪು ಮಾಡುತ್ತಿದ್ದೆ ಎಂಬುದು ಬೇರೆ ಮಾತು.

ಕಂಪ್ಯೂಟರಿಗಿಂತ ಅವರಿಗೆ ನನ್ನ ಮೇಲೆ ಹೆಚ್ಚು ಅನುಮಾನವಿತ್ತು. ಅದರಲ್ಲಿ ಅವರ ತಪ್ಪಿಲ್ಲ. ಊರಲ್ಲಿ ಕೆಮ್ಮುವ ಪ್ರತಿಯೊಬ್ಬರ ಕೆಮ್ಮೂ ನನಗೆ ಬರುತ್ತಿತ್ತು. ಕೇಳುವವರು ಕಣ್ಣು ಮುಚ್ಚಿದರೆ ನಾನು ಪಂಚಾಯಿತಿಯ ಸಾಹೇಬರು. ನಾನು ಮೂಗು ಮುಚ್ಚಿ ಮಾತಾಡಿದರೆ ನೀರು ಬಿಡುವವನು. ನಮ್ಮಪ್ಪ ಸಿಟ್ಟಿಗೆದ್ದು ಬಯ್ಯಲು ಶುರುಮಾಡಿದರೆ, ಅವನ ಮುಂದಿನ ಮಾತನ್ನು ಅವನದೇ ದನಿಯಲ್ಲಿ ಮೊದಲೇ ಹೇಳಿಬಿಡುತ್ತಿದ್ದೆ. ಅದಕ್ಕೆ ಬೀಳುವ ಏಟಿನ ಸಪ್ಪಳವನ್ನೂ ನಾನೇ ಮಾಡಿ ತೋರಿಸುತ್ತಿದ್ದೆ. ಒಂದು ಸಲ ತಹಶೀಲ್ದಾರರ ದನಿಯಲ್ಲಿ ನಮ್ಮ ಓಣಿಯ ಹಿಟ್ಟಿನ ಗಿರಣಿಯವನಿಗೆ ಫೋನು ಮಾಡಿ, "ಗಿರಣಿ ಕಲ್ಲಿನ ತೂಕದ ದಾಖಲಾತಿ ತಗೊಂಡು ಕಚೇರಿಗೆ ಬರ್ರಿ" ಎಂದಿದ್ದೆ. ಅವನು ಕಲ್ಲು ಬಿಚ್ಚಿಸಿ ತೂಕ ಮಾಡಿಸಿಬಿಟ್ಟಿದ್ದ. ಓಣಿಯವರು ಎರಡು ದಿನ ರೊಟ್ಟಿ ಇಲ್ಲದೆ ಅನ್ನ ಉಂಡರು. ಮೂರನೆಯ ದಿನ ಯಾರು ಫೋನು ಮಾಡಿದ್ದೆಂದು ಅವನಿಗೆ ಗೊತ್ತಾಯಿತು.

ಈ ಗಿರಣಿಯವನನ್ನು ಎಲ್ಲರೂ ಗಿರಣಿ ಕಾಕಾ ಎನ್ನುತ್ತಿದ್ದರು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಂದೇ ಕಡೆ ಕೂರುವ ಮನುಷ್ಯ ಓಣಿಯಲ್ಲಿ ಅವನೊಬ್ಬನೇ. ಉಳಿದವರೆಲ್ಲ ಹೊಲ, ಸಂತೆ ಎಂದು ಚದುರಿ ಹೋಗುವವರು. ಹೀಗಾಗಿ ಅವನ ಅಪ್ಪನ ಕಾಲದಿಂದಲೂ ಅಂಚೆಯವನು ಓಣಿಯ ಕಾಗದಗಳನ್ನೆಲ್ಲ ಗಿರಣಿಯಲ್ಲೇ ಕೊಟ್ಟು ಹೋಗುತ್ತಿದ್ದ. ಸಂಜೆ ಹಿಟ್ಟಿನ ಡಬ್ಬಿಯ ಜೊತೆ ಕಾಗದವೂ ಮನೆ ಸೇರುತ್ತಿತ್ತು. ಒಂದೂ ಕಾಗದ ಕಳೆದದ್ದಿಲ್ಲ, ಒಂದನ್ನೂ ಅವರು ಒಡೆದು ಓದಿದ್ದಿಲ್ಲ. ಇದು ಅವರ ಮನೆತನದ ಹೆಮ್ಮೆ.

ಆಧಾರ್ ಮಾಡಲು ಊರಿಗೆ ತಂಡ ಬಂದಾಗ ಪ್ರತಿಯೊಬ್ಬರಿಗೂ ಮೊಬೈಲ್ ನಂಬರು ಕೇಳಿದರು. ಅಷ್ಟರಲ್ಲಿ ಓಣಿಯಲ್ಲಿ ಒಂದು ಖಬರ ಹಬ್ಬಿತ್ತು: ಮೊಬೈಲು ಇದೆ ಎಂದು ಬರೆಸಿದರೆ ರೇಷನ್ ಕಾರ್ಡು ಹೋಗುತ್ತದೆ. ಇದ್ದವರೂ ಇಲ್ಲ ಎಂದರು. ನಂಬರು ಬೇಕೇ ಬೇಕು ಎಂದು ತಂಡದವರು ಹಟ ಹಿಡಿದಾಗ ಎಲ್ಲರಿಗೂ ಹೊಳೆದದ್ದು ಒಂದೇ. ಕಾಗದ ಎಲ್ಲಿಗೆ ಬರುತ್ತದೋ ಫೋನೂ ಅಲ್ಲಿಗೇ ಬರಲಿ. ಇಡೀ ಓಣಿ ಗಿರಣಿ ಕಾಕಾನ ನಂಬರು ಬರೆಸಿತು. ಕಾಕಾ ಅದನ್ನು ದೊಡ್ಡ ಮರ್ಯಾದೆ ಎಂದು ತಿಳಿದ.

ಆಮೇಲೆ ಒಟಿಪಿಯ ಕಾಲ ಬಂತು. ಯಾವ ಅರ್ಜಿ ಹಾಕಲಿ, ಸರ್ಕಾರ ಆರು ಅಂಕಿಯ ಒಂದು ಗುಟ್ಟಿನ ಸಂಖ್ಯೆಯನ್ನು ಅರ್ಜಿದಾರರ ಫೋನಿಗೆ ಕಳಿಸುತ್ತದೆ. ಹತ್ತು ನಿಮಿಷದೊಳಗೆ ಅದನ್ನು ಕಂಪ್ಯೂಟರಿನಲ್ಲಿ ಹಾಕಬೇಕು. ಹತ್ತು ನಿಮಿಷದ ಮೇಲೆ ಅದು ಸತ್ತ ಸಂಖ್ಯೆ. ನಮ್ಮ ಓಣಿಯ ಸಂಖ್ಯೆಗಳೆಲ್ಲ ಜೋಳ ಬೀಸುತ್ತಿದ್ದ ಕಾಕಾನ ಜೇಬಿಗೆ ಬರತೊಡಗಿದವು. ನಾನು ಅವರವರನ್ನೇ ಗಿರಣಿಗೆ ಓಡಿಸಿ, ಸಂಖ್ಯೆ ಕೇಳಿಕೊಂಡು ಓಡಿ ಬರುವಂತೆ ಹೇಳುತ್ತಿದ್ದೆ. ಹೇಗೋ ನಡೆಯುತ್ತಿತ್ತು.

ಈ ಕತೆಯ ಹುಡುಗಿ ನಮ್ಮ ಓಣಿಯ ಕೊನೆಯ ಮನೆಯವಳು. ಅವಳ ಅಪ್ಪ, ನಾವೆಲ್ಲ ಚಾಚಾ ಎನ್ನುವವನು, ಸುತ್ತಲಿನ ಹತ್ತು ಊರಿನ ಪಂಪ್‌ಸೆಟ್ಟು ರಿಪೇರಿ ಮಾಡುವವನು. ಹಮ್ಮಿಗಿಯಲ್ಲಿ ಹೊಳೆದಂಡೆಯ ಮೋಟಾರು ಸುಟ್ಟರೂ ಅವನಿಗೇ ಕರೆ. ತಾನು ಬಿಚ್ಚಿ ನೋಡದ ಯಾವುದನ್ನೂ ನಂಬದ ಮನುಷ್ಯ. ನಮ್ಮ ಕೇಂದ್ರಕ್ಕೆ ಮೊದಲ ಸಲ ಬಂದಾಗ ಪ್ರಿಂಟರಿನ ಹಿಂದೆ ಬಗ್ಗಿ ನೋಡಿ, "ಇದರೊಳಗ ಏನೈತಿ ಅಂತ ನಿನಗ ಗೊತ್ತೈತೇನಲೇ? ಗೊತ್ತಿಲ್ಲದ ಹೆಂಗ ನಡಸ್ತಿ?" ಎಂದಿದ್ದ. ಮಗಳಿಗೆ ಗದಗದಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಚಾಚಾ ಒಂದೇ ಮಾತು ಹೇಳಿದ್ದ: ದಿನಾ ಬಸ್ಸಿನಲ್ಲಿ ಓಡಾಡುವುದಾದರೆ ಕಳಿಸುವುದಿಲ್ಲ, ಸರ್ಕಾರಿ ಹಾಸ್ಟೆಲ್ ಸಿಕ್ಕರೆ ನೋಡೋಣ. ಹಾಸ್ಟೆಲಿನ ಅರ್ಜಿ ಆನ್‌ಲೈನಿನಲ್ಲಿ ಮಾತ್ರ. ಹಾಸ್ಟೆಲ್ ಇಲ್ಲದಿದ್ದರೆ ಸೀಟೂ ಇಲ್ಲ, ಓದೂ ಇಲ್ಲ.

ಕೊನೆಯ ದಿನಕ್ಕೆ ಒಂದು ದಿನ ಮೊದಲು ಹುಡುಗಿ ಬಂದಳು. ಅರ್ಜಿ ತುಂಬಿದೆವು. ಕೊನೆಗೆ ಒಟಿಪಿ ಕಳಿಸು ಎಂಬುದನ್ನು ಒತ್ತಿದೆ. "ಹೋಗಿ ಕಾಕಾನ ಕಡೆ ಕೇಳ್ಕೊಂಡ ಬಾ" ಎಂದೆ. ಅವಳು ಹೋದಳು. ಬರಲೇ ಇಲ್ಲ. ಸಂಜೆಗೆ ಕರೆಂಟೂ ಹೋಯಿತು.

ಮರುದಿನ ಹನ್ನೊಂದು ಗಂಟೆಗೆ ಅವಳ ತಾಯಿ ಚಾಚಿ ಬಂದಳು. ಕೈಯಲ್ಲಿ ಹಿಟ್ಟಿನ ಡಬ್ಬಿಯ ಮುಚ್ಚಳವಿತ್ತು. ಮಗಳು ಅವಳ ಹಿಂದೆ ತಲೆ ತಗ್ಗಿಸಿ ನಿಂತಿದ್ದಳು.

"ತಗೋ ಬೇಟಾ, ನಂಬರ ತಂದೀನಿ" ಎಂದು ಚಾಚಿ ಮುಚ್ಚಳವನ್ನು ಮಗುಚಿ ಹಿಡಿದಳು.

ಒಳಮೈಯಲ್ಲಿ ಸೀಮೆಸುಣ್ಣದಿಂದ ಆರು ಅಂಕಿ ಬರೆದಿತ್ತು. ಮೊದಲ ಎರಡು ಜೋಳದ ಹಿಟ್ಟಿನಲ್ಲಿ ಅಳಿಸಿ ಹೋಗಿದ್ದವು.

ಆದದ್ದು ಇಷ್ಟು. ಆ ದಿನಗಳಲ್ಲಿ ಯಾರಿಗೆ ಫೋನು ಮಾಡಿದರೂ ಮೊದಲು ಒಬ್ಬ ಹೆಣ್ಣುಮಗಳು, ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಎಚ್ಚರಿಸುತ್ತಿದ್ದಳು. ಬೇರೆಯವರು ಅದನ್ನು ಕೇಳಿ ಬೇಸರ ಪಡುತ್ತಿದ್ದರು, ಕಾಕಾ ಕೇಳಿ ಪಾಲಿಸಿದ. ಗಿರಣಿಯಲ್ಲಿ ಹತ್ತು ಜನ ನಿಂತಿರುವಾಗ ಬಾಯಿಬಿಟ್ಟು ಹೇಳುವುದು ಹೇಗೆ? ಬೀಸಲು ಇಟ್ಟಿದ್ದ ಆ ಮನೆಯ ಡಬ್ಬಿಯ ಮುಚ್ಚಳದ ಒಳಗೆ ಬರೆದು, ಮುಚ್ಚಿ, "ಮನಿಗೆ ಹೋಗಿ ತಗೀವಾ, ಹಾದ್ಯಾಗ ತಗೀಬ್ಯಾಡ" ಎಂದು ಹುಡುಗಿಗೆ ಹೇಳಿದ್ದ. ಕಾಗದವಾದರೆ ಸರಿಯಾದ ವ್ಯವಸ್ಥೆಯೇ. ಆದರೆ ಅವಳ ಡಬ್ಬಿಯ ಪಾಳಿ ಬರುವ ಹೊತ್ತಿಗೆ ಒಂದು ತಾಸು ಕಳೆದಿತ್ತು. ಹಿರಿಯರ ಮುಂದೆ ಅವಸರ ಮಾಡಲು ನಾಚಿ ಅವಳು ಅಲ್ಲೇ ಚೀಲದ ಮೇಲೆ ಕೂತಿದ್ದಳು.

"ಇದು ನಿನ್ನೇನ ಸತ್ತೈತಿ ಚಾಚಿ" ಎಂದೆ.

"ಸಾಯೂದು ಅಂದ್ರ? ನಂಬರಿಗೆ ಏನು ಜಡ್ಡ ಬರ್ತೈತೇನು?"

"ಹೊಸಾದು ತರಸೂಣು. ಕಾಕಾ ಎಲ್ಲಿ?"

ಕಾಕಾ ಗಿರಣಿಗೆ ಬೀಗ ಹಾಕಿ, ಫೋನು ಜೇಬಿನಲ್ಲಿಟ್ಟುಕೊಂಡು, ತಂಗಿಯ ಮಗಳ ನಿಶ್ಚಯಕ್ಕೆ ಶಿರಹಟ್ಟಿಗೆ ಹೋಗಿದ್ದ. ಬರುವುದು ಮರುದಿನ. ಅರ್ಜಿಗೆ ಅವತ್ತೇ ಕೊನೆ. ಉಳಿದದ್ದು ಒಂದೇ ದಾರಿ: ಅವನಿಗೆ ಫೋನು ಮಾಡಿ ಸಂಖ್ಯೆ ಕೇಳುವುದು. ಕೇಳಬೇಕಾದವನು ನಾನು. ಒಂದೇ ದಿನದಲ್ಲಿ ಮೂರು ಸಲ ತಪ್ಪಿದರೆ ಕಂಪ್ಯೂಟರು ಒಂದು ದಿನ ಬಾಗಿಲು ಹಾಕಿಕೊಳ್ಳುತ್ತದೆ ಎಂಬುದೂ ನನಗೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದದ್ದನ್ನು ಹೇಳಿದೆ. ಹುಡುಗಿಯ ಮುಖ ಮುಚ್ಚಳದ ಒಳಮೈಯಷ್ಟೇ ಬೆಳ್ಳಗಾಯಿತು.

ನಮ್ಮೂರ ನೆಟ್‌ವರ್ಕು ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ವಲಸೆ ಬರುವ ಹಕ್ಕಿಗಳಿದ್ದಂತೆ, ನೋಡಲು ಹೋದವರಿಗೆ ಕಾಣುವುದಿಲ್ಲ. ಅವತ್ತು ಪುಣ್ಯಕ್ಕೆ ಇತ್ತು. ಮೊದಲ ಸಂಖ್ಯೆ ಕಳಿಸಿ ಫೋನು ಹಚ್ಚಿದೆ. ಚಾಚಿಗೂ ಕೇಳಲೆಂದು ಸ್ಪೀಕರ್ ಹಾಕಿದೆ. ಆ ಕಡೆ ಹಾಡು, ತಟ್ಟೆಯ ಸಪ್ಪಳ.

"ಕಾಕಾ, ನಾನು. ಸೇವಾ ಕೇಂದ್ರದಿಂದ. ನಿಮ್ಮ ಫೋನಿಗೆ ಈಗ ಒಂದು ನಂಬರ ಬಂದೈತಿ, ಹೇಳ್ರಿ."

"ಯಾವ ನಾನು?"

"ನಾನ ಕಾಕಾ."

"ಹ್ಞೂಂ. ಇವತ್ತ ಯಾರ ದನಿ ತೆಗದೀಯಪಾ? ಇದು ಯಾರ್ದಂತ ಗುರ್ತ ಹತ್ತವಲ್ದು."

"ನಂದ ದನಿ ಇದು."

"ನಿಂದ ದನಿ ನಾ ಎಂದ ಕೇಳೀನಿ?"

ಇಟ್ಟುಬಿಟ್ಟ. ಎರಡು ಸಲ ಮತ್ತೆ ಹಚ್ಚಿದೆ, ಎತ್ತಲಿಲ್ಲ. ಹತ್ತು ನಿಮಿಷ ಮುಗಿಯಿತು.

ಅವನ ಮಾತು ನನ್ನನ್ನು ನಿಜಕ್ಕೂ ಹಿಡಿದಿತ್ತು. ನನ್ನ ದನಿ ಇದೇ ಎಂದು ತೋರಿಸಲು ನಾನು ಒಂದು ಸಲ ಕೆಮ್ಮಿ ನೋಡಿದೆ. ಅದು ಪಂಚಾಯಿತಿ ಸಾಹೇಬರ ಕೆಮ್ಮಾಗಿ ಬಂತು.

ಎರಡನೆಯ ಸಂಖ್ಯೆಗೆ ಹುಡುಗಿಯ ಕೈಗೇ ಫೋನು ಕೊಟ್ಟೆ. ಅವಳು ಮೆಲ್ಲಗೆ, "ಕಾಕಾ, ನಾನ್ರಿ, ನಂದ ಅರ್ಜಿ ಐತ್ರಿ" ಎಂದಳು.

ಆ ಕಡೆಯಿಂದ ನಗು ಬಂತು. ಕಾಕಾ ಪಕ್ಕದವರಿಗೆ ಹೇಳಿದ್ದು ನಮಗೂ ಕೇಳಿಸಿತು: "ನಮ್ಮೂರಾಗ ಒಂದು ಹುಡುಗ ಐತಿ. ಹೆಣ್ಣ ದನೀನೂ ತಗೀತೈತಿ, ಕೇಳ್ರಿ ಇಲ್ಲಿ."

ಅವನೂ ಸ್ಪೀಕರ್ ಹಾಕಿದ. ನಿಶ್ಚಯಕ್ಕೆ ಬಂದವರೆಲ್ಲ ಕೇಳತೊಡಗಿದರು. ಹುಡುಗಿ ಮಾತಾಡಿದಷ್ಟೂ ಅವರಿಗೆ ಮಜಾ. "ಭೇಷ್ ತಗದಾನ" ಎಂದು ಯಾರೋ ಮೆಚ್ಚಿದರು. ಇನ್ನೊಬ್ಬರು ನಾಯಿ ಬೊಗಳುವುದನ್ನು ಮಾಡಿಸು ಎಂದರು. ಅವಳು ಫೋನನ್ನು ಮೇಜಿನ ಮೇಲಿಟ್ಟು ಗೋಡೆಯ ಕಡೆ ತಿರುಗಿದಳು. ಅಳುತ್ತಿದ್ದಳೋ ಏನೋ, ನಾನು ನೋಡಲಿಲ್ಲ. ನೋಡುವ ಮುಖ ನನಗಿರಲಿಲ್ಲ. ಊರಲ್ಲಿ ನಾನು ತೆಗೆಯದ ದನಿ ಒಂದೂ ಉಳಿದಿರಲಿಲ್ಲ. ಈಗ ಖರೆಯವರು ಮಾತಾಡಿದರೂ ಅದು ನಾನೇ ಆಗುತ್ತಿದ್ದೆ. ಎರಡನೆಯ ಹತ್ತು ನಿಮಿಷವೂ ಹೋಯಿತು.

ಬೈಕ್ ತೆಗೆದುಕೊಂಡು ನಾನೇ ಶಿರಹಟ್ಟಿಗೆ ಹೋಗುತ್ತೇನೆ ಎಂದೆ.

"ಹೋಗಿ?" ಎಂದಳು ಚಾಚಿ.

"ಅಲ್ಲಿಂದ ಫೋನ್ ಮಾಡಿ ನಂಬರ ಹೇಳ್ತೀನಿ."

"ಅದು ನೀನ ಅಂತ ನಾ ಹೆಂಗ ನಂಬಲಿ?"

ತಮಾಷೆಗೆ ಹೇಳಿದಳು ಎಂದುಕೊಂಡೆ. ಮುಖ ನೋಡಿದರೆ ತಮಾಷೆ ಇರಲಿಲ್ಲ. ಅವಳು ನನ್ನನ್ನೂ ಕಂಪ್ಯೂಟರನ್ನೂ ಒಟ್ಟಿಗೆ ಅಳೆದು ನೋಡುತ್ತಿದ್ದಳು. "ಮೂರನೇದು ಕಳಸು" ಎಂದು ಹೇಳಿ ತಾನೇ ಫೋನು ತೆಗೆದುಕೊಂಡಳು.

ಕಾಕಾ ಎತ್ತಿದ. ಚಾಚಿ ನೇರವಾಗಿ ಬೈಯಲು ಶುರುಮಾಡಿದಳು. ಗಿರಣಿಗೆ ಬೀಗ ಹಾಕಿ ಹೋಗುವವನು ಓಣಿಗೆ ಹೇಳಿ ಹೋಗಬೇಕಿಲ್ಲವೇ, ಓಣಿಯಲ್ಲಿ ಹಿಟ್ಟಿಲ್ಲ, ಮಗಳ ಓದು ನಿಂತರೆ ನಿನ್ನ ಕಲ್ಲು ಸಣ್ಣಗೆ ಬೀಸುತ್ತದೆಯೇ ನೋಡುತ್ತೇನೆ ಎಂದಳು.

"ಬೈಯೂದೂ ಖರೇನ ಅನಸ್ತೈತಿ" ಎಂದ ಕಾಕಾ. "ಆದರೂ ಆ ಹುಡುಗಂದು ಭರೋಸಾ ಇಲ್ಲ. ಚಾಚಿ ಇದ್ದರ ಒಂದು ಕೇಳ್ತೀನಿ, ಹೇಳು. ನಿಮ್ಮ ಮನಿ ಜೋಳದಾಗ ಏನ ಕೂಡಿಸಿ ಬೀಸಾಕ ಕೊಡ್ತಿ? ನನಗ ಒಬ್ಬಗ ಗೊತ್ತೈತಿ ಅದು."

ಓಣಿಯ ಹೆಂಗಸರಿಗೆಲ್ಲ ಇದು ವರ್ಷಗಳ ಪ್ರಶ್ನೆ. ಚಾಚಿಯ ರೊಟ್ಟಿ ಎರಡು ದಿನವಾದರೂ ಮೆತ್ತಗಿರುತ್ತಿತ್ತು, ಬಣ್ಣವೂ ಬಿಳುಪು. ಏನು ಹಾಕುತ್ತೀ ಎಂದು ಯಾರು ಕೇಳಿದರೂ, ಏನೂ ಇಲ್ಲ, ನನ್ನ ಕೈಗುಣ ಎನ್ನುತ್ತಿದ್ದಳು. ಮದುವೆ ಮನೆಗಳಿಂದ ರೊಟ್ಟಿ ಬಡಿಯಲು ಅವಳನ್ನೇ ಕರೆಯುತ್ತಿದ್ದರು. ಹತ್ತು ಹೆಂಗಸರ ಸಾಲಿನಲ್ಲಿ ಅವಳ ಒಲೆಯೇ ಮೊದಲು.

ಚಾಚಿ ಸ್ಪೀಕರ್ ಆರಿಸಲು ಹೇಳಿದಳು. ಆರಿಸಿದೆ. ಫೋನಿನ ಬಾಯಿ ಮುಚ್ಚಿ ನನ್ನನ್ನು ನೋಡಿದಳು.

"ಹೊರಗ ಹೋಗು."

"ನಾ ಯಾರಿಗೆ ಹೇಳ್ತೀನಿ ಚಾಚಿ?"

"ನೀ ಹೇಳೂದಿಲ್ಲ, ಮಾಡಿ ತೋರಸ್ತಿ. ಹೋಗು."

"ನಂಬರ ಬಂದ್ರ ಒತ್ತವರ‍್ಯಾರು?"

"ಇಕಿ ಒತ್ತತಾಳ. ಸಾಲಿ ಕಲತಾಳ, ಆರ ನಂಬರ ಒತ್ತಾಕ ಬರೂದಿಲ್ಲೇನು?"

ಹುಡುಗಿ ನನ್ನ ಕುರ್ಚಿಯಲ್ಲಿ ಕೂತಳು. ಎಲ್ಲಿ ಹಾಕಬೇಕು, ಯಾವುದನ್ನು ಒತ್ತಬೇಕು ಎಂದು ತೋರಿಸಿ ನಾನು ಹೊರಗೆ ಬಂದೆ. ಹಿಂದಿನಿಂದ ಬಾಗಿಲಿನ ಚಿಲಕ ಬಿತ್ತು. ನನ್ನದೇ ಕೇಂದ್ರದಿಂದ ನನ್ನನ್ನು ಹೊರಗೆ ಹಾಕಿದ್ದು ಅದೇ ಮೊದಲು. ಕಿಟಕಿಗೆ ಕಿವಿ ಹಚ್ಚಿದೆ, ಸುಳ್ಳು ಯಾಕೆ ಹೇಳಲಿ. ಬೇಕಾದಾಗ ನಿಂತುಬಿಡುವ ಆ ಫ್ಯಾನು ಅವತ್ತು ಗರಗರ ತಿರುಗುತ್ತಿತ್ತು. ಮಾತೊಂದೂ ಕೇಳಲಿಲ್ಲ. ರೇಷನ್ ಅಕ್ಕಿ ಇರಬೇಕು ಎಂದು ಇವತ್ತಿಗೂ ನನ್ನ ಗುಮಾನಿ. ಉದ್ದಿನಬೇಳೆ ಎಂದು ನಮ್ಮವ್ವ.

ಚಿಲಕ ತೆಗೆದಾಗ ಪರದೆಯ ಮೇಲೆ ಹಸಿರು ಅಕ್ಷರ ಬಂದಿತ್ತು, ಅರ್ಜಿ ಸ್ವೀಕೃತವಾಗಿದೆ ಎಂದು. ಹುಡುಗಿ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತಿದ್ದಳು, ಮುಟ್ಟಿದರೆ ಹೋಗಿಬಿಡುತ್ತದೋ ಎಂಬಂತೆ.

"ಕೇಳಿಸಿತೇನಲೇ?" ಎಂದಳು ಚಾಚಿ.

"ಇಲ್ಲ ಚಾಚಿ."

"ಖರೆ ಹೇಳು."

"ಕೇಳಾಕ ನೋಡಿದೆ. ಕೇಳಿಸಲಿಲ್ಲ."

"ಇದು ಖರೆ ಇರಬೇಕು" ಎಂದು ಮಗಳನ್ನು ಎಬ್ಬಿಸಿಕೊಂಡು ಹೋದಳು.

ಆಮೇಲಿನ ಹದಿನೈದು ದಿನ ಚಾಚಾ ದಿನಾ ಸಂಜೆ ಕೇಂದ್ರಕ್ಕೆ ಬಂದು ಹಾಸ್ಟೆಲಿನ ಪಟ್ಟಿ ಬಂತೇ ಎಂದು ಕೇಳುತ್ತಿದ್ದ. ಇಲ್ಲ ಎಂದರೆ, ಕಂಪ್ಯೂಟರಿನ ವೈರು ಹಿಡಿದು ಅದು ಗೋಡೆಯೊಳಗೆ ಎಲ್ಲಿಗೆ ಹೋಗುತ್ತದೆ ಎಂದು ನೋಡಿಕೊಂಡು ಹೋಗುತ್ತಿದ್ದ. ಪಟ್ಟಿ ಬಂದ ದಿನ ಮಗಳ ಹೆಸರು ತೋರಿಸಿದೆ. ಅವನು ನಗಲಿಲ್ಲ.

"ಇಲ್ಲಿ ಬರದಾರ. ಅಲ್ಲಿ ಐತೇನು?"

"ಏನು ಚಾಚಾ?"

"ಮಂಚ."

ಮಗಳನ್ನು ಕಳಿಸುವ ಮೊದಲು ತಾನೊಬ್ಬನೇ ಗದಗಕ್ಕೆ ಹೋಗಿ ಬಂದ. ಹಾಸ್ಟೆಲಿನ ಒಳಗೆ ಗಂಡಸರನ್ನು ಬಿಡುವುದಿಲ್ಲ ಎಂದರಂತೆ. ನೀರೆತ್ತುವ ಮೋಟಾರು ಅಂಗಳದಲ್ಲಿ ಕೆಟ್ಟು ಕೂತಿತ್ತಂತೆ. ಅದನ್ನು ಬಿಚ್ಚಿ, ಮಾಡಿಕೊಟ್ಟು, ನೀರಿನ ಟಾಕಿಯ ಪೈಪು ನೋಡುವ ನೆಪದಲ್ಲಿ ಒಳಗೆ ಹೋಗಿ ಕೋಣೆ ನೋಡಿ ಬಂದಿದ್ದ. ಮಂಚ ಖರೆ ಇದೆ ಎಂದ. ಒಂದು ಕಾಲು ಗಿಡ್ಡ, ಆದರೆ ಖರೆ. ಮರುವಾರ ಮಗಳು ಹೋದಳು.

ಅವಳು ಹೋಗಿ ತಿಂಗಳಾಗಿತ್ತು. ಒಂದು ಮಧ್ಯಾಹ್ನ ಚಾಚಾ ಬಂದು ನನ್ನ ಎದುರು ಕೂತ. ಕೈಯಲ್ಲಿ ಯಾವ ಕಾಗದವೂ ಇರಲಿಲ್ಲ.

"ಏನ್ ಮಾಡಿಕೊಡ್ಲಿ ಚಾಚಾ?"

"ಏನಿಲ್ಲ. ಮಗಳು ಫೋನ್ ಮಾಡಿದ್ಲು. ಊಟ ಚಲೋ ಐತಂತ. ಗೆಳತ್ಯಾರು ಚಲೋ ಅದಾರಂತ. ಮಂಚಾನೂ ಚಲೋ ಐತಿ ಅಂತಾಳ."

"ಮತ್ತ ಚಲೋನ ಆತಲ್ಲ."

"ಮಂಚದ್ದು ಕಾಲ ಗಿಡ್ಡ ಐತಿ, ನಾನ ನೋಡೇನಿ" ಎಂದ ಚಾಚಾ. "ಎಲ್ಲಾ ಚಲೋ ಐತಿ ಅಂದ್ರ ನನಗ್ಯಾಕೋ ಸಂಶೆ ಬರಾಕತ್ತೇತಿ. ನೀ ಒಂದ ಸಲ ಆಕಿಗೆ ಫೋನ್ ಹಚ್ಚು. ನಿಂದ ದನ್ಯಾಗ ಕೇಳು. ನನಗಾದ್ರ ಆಕಿ ಖರೆ ಹೇಳೂದಿಲ್ಲ."

ನಾನು ಫೋನು ತೆಗೆದುಕೊಂಡೆ. ಹಚ್ಚುವ ಮೊದಲು, ನನ್ನದೇ ದನಿಯಲ್ಲಿ ಏನೆಂದು ಶುರುಮಾಡಬೇಕು ಎಂದು ತಿಳಿಯದೆ ಒಂದು ಸಲ ಕೆಮ್ಮಿ ನೋಡಿದೆ.